ಮಾಮಾನ ಬಲಗೈ ಕ್ಲೇಮು

ಅಪಘಾತದ ಕ್ಲೇಮು ಹೆಂಗ ಹಾಕಬೇಕು ಅಂತ ನನಗ ಯಾರೂ ಕಲಿಸಿಲ್ಲ. ನಾನು ಗಂಗಾವತಿಯಾಗ ಮೊಬೈಲ್ ಅಂಗಡಿಯಾಗ ಕೆಲಸ ಮಾಡಾಂವ. ಯಲಬುರ್ಗಾ ರಸ್ತೆದಾಗ ನಮ್ಮ ಮಾಮಾ, ಅಂದ್ರ ನಮ್ಮವ್ವನ ತಮ್ಮ, ಕುಂತಿದ್ದ ಕಾರಿಗೆ ಎದುರಿಂದ ಬಂದ ಕಾರು ಮುಖಾಮುಖಿ ಹೊಡೀತು. ಆವತ್ತಿಂದ ಕಲಿಯಾಕ ಹತ್ತಿದೆ. ಗಿರಾಕಿ ಇಲ್ಲದಾಗ ವಿಡಿಯೋ ನೋಡೋದು, ಹಳೇ ತೀರ್ಪು ಡೌನ್‌ಲೋಡ್ ಮಾಡಿ ಓದೋದು, ತಿಳೀದಿದ್ರ ಕೊಪ್ಪಳದ ನಮ್ಮ ವಕೀಲರ ತೆಲಿ ತಿನ್ನೋದು. ಅವರು ಒಮ್ಮೆ ಅಂದ್ರು, "ತಮ್ಮಾ, ನೀ ಕರಿಕೋಟು ಹಾಕ್ಕೊ, ನಾ ಹೋಗಿ ಮೊಬೈಲ್ ರಿಪೇರಿ ಮಾಡ್ತೀನಿ."

ಎದುರಿನ ಕಾರಿನಾಂವ ರಾಂಗ್ ಸೈಡ್ ಬಂದಿದ್ದ. ಎಫ್‌ಐಆರ್ ಅವನ ಮ್ಯಾಲೇ ಆತು, ಅವನ ಕಾರಿಗೆ ಇನ್ಶೂರೆನ್ಸೂ ಇತ್ತು. ತಪ್ಪು ಯಾರದು ಅನ್ನೋದ್ರಾಗ ಜಗಳಿಲ್ಲ. ಜಗಳ ಇದ್ದದ್ದು ಮಾಮಾನ ಬಲಗೈದು.

ಮಾಮಾ ಕಿನ್ನಾಳದಾಂವ. ಕಟಿಗಿ ಗೊಂಬಿ, ಊರದೇವಿ ಮೂರ್ತಿ ಮಾಡಿ ಬಣ್ಣ ಹಚ್ಚೋದೇ ಅವರ ಮನಿತನದ ಕಸುಬು. ಮಣಿಕಟ್ಟಿಗೆ ರಾಡ್ ಹಾಕಿದ ಮ್ಯಾಲೆ ಚಾ ಕಪ್ಪು ಎತ್ತತಾನ, ಚೀಲ ಹಿಡೀತಾನ, ಆದ್ರ ಕುಂಚ ಹಿಡಿದ್ರ ಬೆರಳು ನಡಗತಾವ. ಡಾಕ್ಟರ್ ಕೈಗೆ ಇಷ್ಟು ಪರ್ಸೆಂಟ್ ಊನ ಅಂತ ಬರದುಕೊಟ್ರು. ಕೋರ್ಟಿನ್ಯಾಗ ಅದನ್ನ ಇಡೀ ಮೈಗೆ ಹಂಚಿ ಮೂರರಾಗ ಒಂದು ಪಾಲು ಹಿಡೀತಾರ, ರೊಕ್ಕಾನೂ ಅಷ್ಟಕ್ಕೇ ಕೊಡತಾರ. ಆದ್ರ ಕೈಯೇ ಕಸುಬಾದಾಂವಗ ಕಸುಬು ಎಷ್ಟು ಹೋತು ಅಂತ ನೋಡಬೇಕು ಅಂತ ಒಂದು ತೀರ್ಪಿನ್ಯಾಗ ಓದಿದ್ದೆ. ಅದನ್ನೇ ಹಿಡಕೊಂಡೆ. ಮಾಮಾ ಕಟಕಟೆದಾಗ ನಿಂತು ಇನ್ನ ನನ್ನಿಂದ ಕುಂಚ ಹಿಡಿದು ಬರಿಯಾಕ ಆಗಂಗಿಲ್ಲ ಅಂದ್ರ ಸಾಕಿತ್ತು. ಅದು ಖರೇನೂ ಇತ್ತು.

ಐತವಾರಕ್ಕೊಮ್ಮೆ ಕಿನ್ನಾಳಕ್ಕ ಹೋಗಿ ನಾನೇ ಎದುರಿನ ವಕೀಲ ಆಗಿ ಸವಾಲು ಹಾಕತಿದ್ದೆ.

"ಈಗ ಏನು ಕೆಲಸ ಮಾಡ್ತೀರಿ?"

"ನಿನ್ನ ಸವಾಲಿಗೆ ಉತ್ರ ಕೊಡೂ ಕೆಲಸ, ಅಳಿಯಾ."

"ಮಾಮಾ, ಸೀದಾ ಹೇಳು."

"ಆಗಂಗಿಲ್ರಿ ಅಂತೀನಿ ಬಿಡು. ಚಾ ಕುಡಿ."

ಹಂಗ ಅನ್ನಾಗ ಅಂವ ನನ್ನ ಮಾರಿ ನೋಡತಿರಲಿಲ್ಲ. ಆವಾಗೇ ನನಗ ತಿಳೀಬೇಕಿತ್ತು.

ಅದೇ ಟೈಮಿನ್ಯಾಗ ಕುಷ್ಟಗಿ ಕಡಿ ಒಂದು ಊರಿನ ಹಿರಿಯರು ದೇವಿ ಮೂರ್ತಿ ಮಾಡಾಕ ಹೇಳಿದ್ರು. ಮಾಮಾನ ಮನಿ ರೂಢಿ ಏನಂದ್ರ, ಬಣ್ಣ ಯಾರರೇ ಹಚ್ಚಲಿ, ದೇವಿ ಕಣ್ಣು ಮಾತ್ರ ಕಡೀಕ ಮನಿ ಹಿರೇ ಗಂಡಸೇ ಬರೀಬೇಕು. ಬಾಗಿಲಾ ಹಾಕ್ಕೊಂಡು ಬರೀತಾರ. ಆ ಕೈ ನಿಂತೈತಿ ಅಂತ ಗೊತ್ತಾದ್ರ ಊರವರು ಬ್ಯಾರೆ ಮನಿ ಹುಡುಕತಾರ, ತಿರುಗಿ ಬರಂಗಿಲ್ಲ. ಆ ಸರತಿ ಬಾಗಿಲಾ ಹಾಕಿದ ಮ್ಯಾಲೆ ಕಣ್ಣು ಬರದಾಕಿ ನಮ್ಮತ್ತಿ, ಮಾಮಾನ ಹೆಂಡತಿ. ಮಾಮಾ ಬಾಜೂಕ ಕುಂತು "ಇನ್ನೊಂಚೂರು ಮ್ಯಾಲೆ" ಅಂತಿದ್ದ. ನಾನು ಫೋನಿನ ಲೈಟ್ ಹಿಡಿದು ನಿಂತಿದ್ದೆ.

ಕಣ್ಣು ಎಷ್ಟು ಛಲೋ ಬಂದಿದ್ವು ಅಂದ್ರ ನನಗ ತಡಕೊಳ್ಳಾಕ ಆಗಲಿಲ್ಲ. ಮರುದಿನ ಫೋಟೋ ಹೊಡದು ಫೇಸ್‌ಬುಕ್ಕಿಗೆ ಹಾಕಿದೆ. ಅತ್ತಿ ಹೆಸರು ಹಾಕಂಗಿರಲಿಲ್ಲ. "ನಮ್ಮ ಮಾಮಾನ ಕೈಚಳಕ" ಅಂತ ಬರದೆ. ಅಷ್ಟು ತೀರ್ಪು ಓದಿದ ಶಾಣ್ಯಾ ನಾನು.

ಕ್ರಾಸ್, ಅಂದ್ರ ಪಾಟೀಸವಾಲಿನ ದಿವಸ ಇನ್ಶೂರೆನ್ಸ್ ಕಡಿ ವಕೀಲರು ಆ ಫೋಟೋದ ಪ್ರಿಂಟ್ ತೆಗದ್ರು. ಭಾಳ ಮರ್ಯಾದಿ ಮನಷ್ಯಾ, ದನಿ ಏರಿಸಲೇ ಇಲ್ಲ.

"ಈ ಮೂರ್ತಿ ನಿಮ್ಮ ಮನ್ಯಾಗ ಮಾಡಿದ್ದೇನ್ರಿ?"

"ಹೌದ್ರಿ."

"ಕಣ್ಣು ಭಾಳ ಛಂದ ಬಂದಾವ. ಯಾರು ಬರದಾರ?"

ನಾನು ಮಾಮಾನ ನೋಡಿದೆ. ಮಾಮಾ ನನ್ನ ಹಿಂದ ನೋಡಾಕ ಹತ್ತಿದ್ದ. ಹಿಂದಿನ ಬೆಂಚಿನ್ಯಾಗ ಆ ಕುಷ್ಟಗಿ ಕಡಿ ಹಿರಿಯರು ಇಬ್ಬರು ಕುಂತಿದ್ರು. ನಮ್ಮ ಮೂರ್ತಿಕಾರನ ಕೇಸು ಐತಂತ, ಧೈರ್ಯ ಹೇಳೂಣು ಅಂತ ಪ್ರೀತಿಲೆ ಬಂದಿದ್ರು.

"ನಾನೇ ಬರದೇನ್ರಿ."

"ಎಡಗೈಲೇನು?"

"ಎಡಗೈಲೆ ದೇವಿ ಕಣ್ಣು ಬರಿಯಂಗಿಲ್ರಿ. ಬಲಗೈಲೆ."

"ನಂದು ಇಷ್ಟೇ ರೀ" ಅಂತ ವಕೀಲರು ಕುಂತ್ರು.

ಹೊರಗ ಬಂದು ನಾನು ಮಾಮಾಗ ಬೈದೆ. ನನಗಿಂತ ದೊಡ್ಡಾಂವ ಅನ್ನೋದನ್ನೂ ನೋಡಲಿಲ್ಲ. ಮಾಮಾ ಬೇಂವಿನ ಗಿಡದ ಬುಡಕ ನಿಂತು ಎಲ್ಲಾ ಕೇಳಿಸಿಕೊಂಡ. ಆಮ್ಯಾಲೆ ಸಣ್ಣ ದನಿಲೆ, "ಅವರ ಮುಂದ ನಿಮ್ಮತ್ತಿ ಬರದಾಳ ಅನ್ನಲೇನು? ದೇವಿ ಗುಡಿಯಾಗ ಕುಂತಾಳ. ಎಬ್ಬಿಸಿ ಹೊರಗ ಕಳಸಬೇಕಿತ್ತೇನು?" ಅಂದ.

ತೀರ್ಪು ಬಂತು. ಅರ್ಜಿದಾರನೇ ಒಪ್ಪಿಕೊಂಡಂತೆ ಕಸುಬು ನಡೆದಿದೆ ಅಂತ ಒಂದು ಸಾಲು, ಅದೇ ಮೂರರಾಗ ಒಂದು ಪಾಲು. ಧಾರವಾಡ ಹೈಕೋರ್ಟಿಗೆ ಅಪೀಲು ಹೋಗಬಹುದು, ಆದ್ರ ಕಣ್ಣು ಬರದಾಕಿ ತಾನು ಅಂತ ಅತ್ತಿ ಅಫಿಡವಿಟ್ ಕೊಡಬೇಕು, ಆದ್ರೂ ಗ್ಯಾರಂಟಿ ಇಲ್ಲ ಅಂದ್ರು ನಮ್ಮ ವಕೀಲರು. ನಾನೇ ಟೈಪ್ ಮಾಡಿ ಕಿನ್ನಾಳಕ್ಕ ಒಯ್ದೆ.

"ಖರೇ ಹೇಳಾಕ ನನಗ್ಯಾತರ ಅಂಜಿಕಿ" ಅಂತ ಅತ್ತಿ ಪೆನ್ನು ತಗೊಂಡ್ಲು.

"ಹಾಕು ಸಹಿ" ಅಂದ ಮಾಮಾ. "ನಾಳಿಂದ ಈ ಹೊಸ್ತಿಲಾ ಯಾರೂ ತುಳಿಯಂಗಿಲ್ಲ."

"ನಿಮ್ಮ ಕೈ ನೋಡೇ ತುಳಿಯಾಕ ಹತ್ಯಾರ ಅಂತ ತಿಳದೀರೇನು ಇನ್ನೂ?"

ಮಾಮಾ ಬಲಗೈಯನ್ನ ಎಡಗೈಲೆ ಹಿಡಕೊಂಡು ಕುಂತ. ಅತ್ತಿ ಆ ಕೈ ನೋಡಿದ್ಲು. ಆಮ್ಯಾಲೆ ಪೆನ್ನಿಗೆ ಕ್ಯಾಪ್ ಹಾಕಿ ನನ್ನ ಕೈಯಾಗ ಇಟ್ಟು, ಒಲಿ ಮುಂದ ಹೋಗಿ ಕುಂತ್ಲು.

ಅಪೀಲಿನ ವಾಯಿದೆ ಮುಗೀತು. ಆ ಅಫಿಡವಿಟ್ ನನ್ನ ಫೋನಿನ್ಯಾಗ ಇನ್ನೂ ಐತಿ. ಒಮ್ಮೊಮ್ಮೆ ತೆಗದು ಓದ್ತೀನಿ. ಒಂದೂ ತಪ್ಪಿಲ್ಲ ಅದರಾಗ.