ವಾರಂಟಿಯ ಕೊನೆಯ ಎರಡು ತಿಂಗಳು

ನಮ್ಮ ಲಾರಿಯ ವಾರಂಟಿ ಮುಗಿಯಲು ಎರಡು ತಿಂಗಳು ಉಳಿದಿದ್ದಾಗ ನನಗೆ ನೆಮ್ಮದಿ ಕೆಟ್ಟಿತು. ಲಾರಿಗೇನೂ ಆಗಿರಲಿಲ್ಲ. ಅದೇ ನನ್ನ ತೊಂದರೆ. ಹೊಸ ಗಾಡಿ ತಂದು ಮೂರು ವರ್ಷ ತುಂಬುತ್ತ ಬಂದರೂ ಒಂದು ಸಾಮಾನೂ ಕೆಟ್ಟಿರಲಿಲ್ಲ. ಎಲ್ಲ ಸಾಮಾನೂ ಒಳಗೊಳಗೆ ಮಾತಾಡಿಕೊಂಡು, ವಾರಂಟಿ ಮುಗಿದ ಮರುದಿನ ಒಟ್ಟಿಗೆ ಕೆಡಲು ಕಾಯುತ್ತಿವೆ ಎಂದು ನನಗೆ ಅನಿಸತೊಡಗಿತು. ಯಾರಿಗಾದರೂ ಹೇಳಿದರೆ ನಗುತ್ತಿದ್ದರು. ಹಾಗಾಗಿ ಒಬ್ಬನೇ ಕೊರಗುತ್ತಿದ್ದೆ.

ನಾವಿಬ್ಬರು ಅಣ್ಣತಮ್ಮಂದಿರು, ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದ ಕಡೆಯವರು. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು, ಮೀಸೆ ಚಿಗುರಿದಾಗಿನಿಂದ ಬೇರೆಯವರ ಲಾರಿ ಓಡಿಸಿದವನು. ನಾನು ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಕೊನೆಗೂ ಇಬ್ಬರೂ ಕೂಡಿ ಸ್ವಂತದ್ದೊಂದು ಲಾರಿ ತಂದೆವು. ಕಾಗದಪತ್ರ ನನ್ನ ಹೆಸರಿನಲ್ಲಿ, ಸ್ಟೇರಿಂಗ್ ಅವನ ಕೈಯಲ್ಲಿ. ಮಿಲ್ಲುಗಳಿಂದ ಅಕ್ಕಿ ಲೋಡು ಹಿಡಿಯುವುದು ನನ್ನ ಕೆಲಸ, ತಲುಪಿಸಿ ಬರುವುದು ಅವನದು. ಊಟಕ್ಕಾಗುವಷ್ಟು ಭತ್ತ ಬೆಳೆಯುವ ತುಂಡು ಹೊಲ ಬಿಟ್ಟರೆ, ಎರಡು ಮನೆಯ ಒಲೆಗಳು ಆ ಒಂದು ಗಾಡಿಯಿಂದ ಉರಿಯುತ್ತಿದ್ದವು. ಅದು ಒಂದು ತಿಂಗಳು ನಿಂತರೆ ಮಿಲ್ಲಿನವರು ಬೇರೆ ಲಾರಿ ನೋಡಿಕೊಳ್ಳುತ್ತಾರೆ, ಮತ್ತೆ ನಮ್ಮನ್ನು ಕರೆಯುವುದಿಲ್ಲ. ನನ್ನ ಹೆದರಿಕೆ ಇಷ್ಟೇ, ಆದರೆ ಇದೇನು ಸಣ್ಣದಲ್ಲ.

ಹಳೆಯ ಕಾಲದ ಲಾರಿ ಕೆಟ್ಟರೆ ಕೊಪ್ಪಳದ ಯಾವ ಗ್ಯಾರೇಜಿನಲ್ಲಾದರೂ ಪಾನಾ ಹಿಡಿದು ಸರಿ ಮಾಡುತ್ತಿದ್ದರು. ಈಗಿನದು ಹಾಗಲ್ಲ. ಇದರ ಹೊಗೆ ಶುದ್ಧ ಮಾಡುವುದಕ್ಕೇ ಬೇರೊಂದು ಸಣ್ಣ ಟ್ಯಾಂಕು. ಅದಕ್ಕೆ ಯೂರಿಯಾ ಬೆರೆಸಿದ ಶುದ್ಧ ನೀರು ಹಾಕಬೇಕು. ಆ ನೀರು ನೀಲಿ ಮುಚ್ಚಳದ ಬಿಳಿ ಡಬ್ಬಿಯಲ್ಲಿ ಸೀಲಾಗಿ ಬರುತ್ತದೆ. ಅದನ್ನು ಎಳೆಯಲು ಒಂದು ಪಂಪು, ಹೊಗೆಯೊಳಕ್ಕೆ ಚಿಮ್ಮಿಸಲು ಒಂದು ನಳಿಕೆ. ಇವು ಕೆಟ್ಟರೆ ರಿಪೇರಿ ಎಂಬುದಿಲ್ಲ, ಹೊಸದೇ ಹಾಕಬೇಕು. ಅಣ್ಣನಿಗೆ ಈ ವ್ಯವಸ್ಥೆಯನ್ನು ಕಂಡರೆ ತಾತ್ಸಾರ.

"ಯೂರಿಯಾ ಅಂದ್ರ ಯೂರಿಯಾನ. ನೆಲ್ಲಿಗೆ ಹಾಕೂದು ಲಾರಿಗ್ಯಾಕ ಆಗಬಾರದು? ರೊಕ್ಕ ಕೀಳೂ ದಂಧೆ ಇದು," ಎನ್ನುತ್ತಿದ್ದ. ಭತ್ತದ ಗೊಬ್ಬರ ನೆನೆದು ತಮಾಷೆಗೆ ಅಂದ ಮಾತು. ಆದರೆ ನಾನು ಅದನ್ನು ಮರೆಯಲಿಲ್ಲ.

ಮಿಲ್ಲಿನ ತೂಕದ ಕಾಟಾದ ಹತ್ತಿರ ಒಬ್ಬ ಲಾರಿ ಮಾಲೀಕ ಸಿಕ್ಕಿದ್ದ. ವಾರಂಟಿ ಮುಗಿದ ಎಂಟನೇ ದಿನಕ್ಕೆ ಅವನ ಗಾಡಿಯ ಪಂಪು ಹೋಯಿತಂತೆ. ಅದನ್ನು ಕೇಳಿದ ಮೇಲೆ ನಾನು ಮನುಷ್ಯನಾಗಿ ಉಳಿಯಲಿಲ್ಲ. ಇಂಜಿನ್ ಚಾಲೂ ಮಾಡಿದರೆ ಬಾನೆಟ್ಟಿಗೆ ಕಿವಿ ಕೊಟ್ಟು ನಿಲ್ಲುವುದು, ಗೇರ್ ಬದಲಿಸಿದಾಗ ಬಂದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು, ಕೊಪ್ಪಳದ ಹೊರಗಿನ ಸರ್ವೀಸ್ ಸೆಂಟರಿಗೆ ವಾರಕ್ಕೊಮ್ಮೆ ಹೋಗುವುದು. ಅಲ್ಲಿನ ಸೂಪರ್‌ವೈಸರ್ ತಾಳ್ಮೆಯ ಮನುಷ್ಯ. "ಏನೂ ಆಗಿಲ್ರಿ, ಆರಾಮ ಓಡಸ್ರಿ," ಎಂದು ಪ್ರತಿ ಸಲ ಕಳಿಸುತ್ತಿದ್ದ. ಅವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಗುಮಾನಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅಣ್ಣನಿಗೆ ಇದೆಲ್ಲ ಅವಮಾನವಾಗುತ್ತಿತ್ತು. ಅವನು ಚಪ್ಪಲಿ ಕಳೆದಿಟ್ಟು ಕ್ಯಾಬಿನ್ ಹತ್ತುವವನು, ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು ಕಾಯಿ ಒಡೆದು ಚಕ್ರಕ್ಕೆ ನಿಂಬೆಹಣ್ಣು ಇಡುವವನು. ಒಂದು ದಿನ ಚಹಾ ಕುಡಿಯುತ್ತ ಅಂದ:

"ತಮ್ಮಾ, ಮಂದಿ ಗಾಡಿ ಕೆಡಬಾರದು ಅಂತ ಕಾಯಿ ಒಡೀತಾರ. ನೀ ಒಬ್ಬಾವ ನೋಡಪಾ, ಯಾವಾಗ ಕೆಟ್ಟೀತು ಅಂತ ಕುಂತಾವ."

"ಕೆಡೂದಿದ್ರ ಈಗ ಕೆಡಲಿ ಅಂತೀನಿ, ಅಷ್ಟ ಅಣ್ಣಾ."

"ಬಾಯಾಗ ಛಲೋ ಮಾತು ಬರಲಿ. ನಾ ಓಡಸೂ ಗಾಡಿ ಅದು."

ನನ್ನ ತಲೆಯಲ್ಲಿ ಆಗ ಬೇರೆಯೇ ಮಾತು ಕೊರೆಯುತ್ತಿತ್ತು. ಹಿಂದಿನ ದಿನವಷ್ಟೇ ಸೂಪರ್‌ವೈಸರ್ ನನ್ನ ಕಾಟ ತಾಳದೆ ಒಂದು ಬುದ್ಧಿಮಾತು ಹೇಳಿ ಕಳಿಸಿದ್ದ: "ಯೂರಿಯಾ ಟ್ಯಾಂಕ್ ಒಂದು ಖಾಲಿ ಆಗಾಕ ಬಿಡಬ್ಯಾಡ್ರಿ ಮತ್ತ. ಖಾಲಿ ಓಡಿಸಿ ಪಂಪ್ ಹೋದ್ರ ವಾರಂಟಿ ಕೊಡಾಕ ಬರೂದಿಲ್ರಿ." ಆಡುವವನಿಗೆ ಒಂದು ಮಾತು, ಕೇಳುವವನಿಗೆ ಹುಚ್ಚು. ಅಂದಿನಿಂದ ಪ್ರತಿ ಟ್ರಿಪ್ಪಿಗೂ ಮುಂಚೆ ಆ ಟ್ಯಾಂಕು ತುಂಬುವುದನ್ನು ನಾನೇ ವಹಿಸಿಕೊಂಡೆ. ಅಣ್ಣನ ಮೇಲೆ ಬಿಡಲಿಲ್ಲ.

ಒಂದು ಬೆಳಿಗ್ಗೆ ನೆನಪಿದೆ. ಅಳವಂಡಿಗೆ ಅಕ್ಕಿ ಒಯ್ಯಬೇಕಿತ್ತು. ಅಣ್ಣ ಕ್ಯಾಬಿನ್ನಿನಲ್ಲಿ ಕೂತು ಇಂಜಿನ್ ಬಿಸಿ ಮಾಡುತ್ತಿದ್ದ. ನಾನು ಹಿತ್ತಲಿನ ತಗಡಿನ ಶೆಡ್ಡಿನಿಂದ ಬಿಳಿ ಡಬ್ಬಿ ಎತ್ತಿಕೊಂಡು ಬಂದೆ. ಸೀಲು ಒಡೆದಿತ್ತು, ಹಿಂದಿನ ಸಲ ನಾನೇ ಅರ್ಧ ಬಳಸಿದ್ದು ಅಂದುಕೊಂಡೆ. ಡಬ್ಬಿ ಕೈಗೆ ತಣ್ಣಗೆ ಹತ್ತಿತು. ಚಳಿಗಾಲದ ಬೆಳಿಗ್ಗೆ, ತಣ್ಣಗಿರದೆ ಇನ್ನೇನು ಎಂದು ಮುಚ್ಚಳ ತೆಗೆದು ಸುರಿದೆ.

ಅಣ್ಣ ಕನ್ನಡಿಯಲ್ಲಿ ನೋಡಿ ಕೂಗಿದ. "ಟ್ಯಾಂಕು ಇನ್ನೂ ಅರ್ಧ ಐತಲ್ಲೋ."

"ಇರಲಿ. ನೀ ರಸ್ತೆ ನೋಡ್ಕೊಂಡು ಹೋಗು," ಎಂದೆ.

ಅದಾಗಿ ಐದಾರು ದಿನಕ್ಕೆ ಅವನ ಫೋನು ಬಂತು. ಆಗ ಕೊಪ್ಪಳದ ದಾರಿಯಲ್ಲಿದ್ದ. "ತಮ್ಮಾ, ಮುಂದ ದೀಪ ಹತ್ತೇತಿ. ಗಾಡಿ ಎಳೀವಲ್ದು. ಏರು ಬಂದ್ರ ಉಸಿರು ಬಿಡಾಕತ್ತೇತಿ." ನನಗೆ ಆದ ಸಂತೋಷ ಹೇಳಿದರೆ ನೀವು ನಂಬಲಿಕ್ಕಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದೆ, ವಾರಂಟಿಗೆ ಇನ್ನೂ ಹನ್ನೊಂದು ದಿನ ಇದ್ದವು. ಕೆಟ್ಟಿತಲ್ಲ ಶಿವನೇ, ವೇಳೆಗೆ ಸರಿಯಾಗಿ ಕೆಟ್ಟಿತಲ್ಲ ಎಂದು ಕೈಮುಗಿದೆ. ಸಿಕ್ಕ ಬಸ್ಸು ಹತ್ತಿ ಸರ್ವೀಸ್ ಸೆಂಟರಿಗೆ ಹೋದೆ.

ಸೂಪರ್‌ವೈಸರ್ ಸಣ್ಣ ಟ್ಯಾಂಕಿನಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದ. ಆಮೇಲೆ ನಳಿಕೆ ಬಿಚ್ಚಿಸಿದ. ಅದರ ಬಾಯಿಗೆ ಉಪ್ಪಿನಂಥದ್ದು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಪಂಪಿನೊಳಗೂ ಅದೇ. ಅಲ್ಲಿ ನಾಲ್ಕೈದು ಜನ ಮೆಕ್ಯಾನಿಕ್‌ಗಳು, ಗಾಡಿ ಬಿಡಲು ಬಂದ ಬೇರೆ ಮಾಲೀಕರು, ನಮ್ಮ ಮಿಲ್ಲಿನ ಕಡೆಯ ಒಬ್ಬ ಡ್ರೈವರ್, ಎಲ್ಲ ಸುತ್ತ ನಿಂತಿದ್ದರು.

"ಇದು ಗೊಬ್ಬರದ ಯೂರಿಯಾ ಐತ್ರಿ," ಎಂದ ಸೂಪರ್‌ವೈಸರ್. "ಕಾಲುವಿ ಕಡೆಯಾವ್ರು ಭಾಳ ಮಂದಿ ಹಿಂಗ ಮಾಡ್ತಾರ. ಮನ್ಯಾಗ ಚೀಲ ಇರ್ತಾವ, ನೀರಾಗ ಕಲಸಿ ಹಾಕಿಬಿಡ್ತಾರ. ಪಂಪು, ನಳಿಕಿ ಎರಡೂ ಹೋಗ್ಯಾವ. ಇದಕ್ಕ ವಾರಂಟಿ ಬರೂದಿಲ್ರಿ."

ನಾನು ಅಣ್ಣನ ಕಡೆ ತಿರುಗಿದೆ. 'ನೆಲ್ಲಿಗೆ ಹಾಕೂದು ಲಾರಿಗ್ಯಾಕ ಆಗಬಾರದು' ಎಂದವನು ಅವನೇ ತಾನೆ? ಒಂದು ಕ್ಷಣವೂ ಯೋಚಿಸಲಿಲ್ಲ. ಅಷ್ಟು ಜನರ ಮುಂದೆ ಕೂಗಾಡಿದೆ. ಇಷ್ಟು ವರ್ಷ ಗಾಡಿ ಹೊಡೆದು ಕಲಿತದ್ದು ಇದೇನಾ ಎಂದೆ, ತಮ್ಮನ ಮನೆ ಹಾಳು ಮಾಡಲು ಹುಟ್ಟಿದ್ದೀಯಾ ಎಂದೆ. ಇನ್ನೂ ಏನೇನೋ ಅಂದೆ, ಈಗ ಬರೆಯಲು ನಾಚಿಕೆಯಾಗುತ್ತದೆ.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಸುತ್ತ ನಿಂತವರನ್ನು ಒಮ್ಮೆ ನೋಡಿದ. ಆಮೇಲೆ ಸೂಪರ್‌ವೈಸರನಿಗೆ ಮೆಲ್ಲಗೆ ಹೇಳಿದ: "ಹೌದ್ರಿ. ನನ್ನ ಕೈಲೆ ಆಗೇತಿ."

"ಹಂಗಾದ್ರ ಚಾವಿ ಇಡು," ಎಂದೆ ನಾನು. "ಇನ್ನ ಮ್ಯಾಲೆ ಈ ಗಾಡಿ ಮುಟ್ಟಬ್ಯಾಡ."

ಅವನು ಚಾವಿಯನ್ನು ಮೇಜಿನ ಮೇಲೆ ಇಟ್ಟ. ಚಪ್ಪಲಿ ಬಿಟ್ಟು ಕ್ಯಾಬಿನ್ ಹತ್ತಿ ತನ್ನ ಟವೆಲ್ಲು, ಬುತ್ತಿ ಡಬ್ಬಿ ತೆಗೆದುಕೊಂಡ. ಇಳಿಯುವ ಮುಂಚೆ ಸ್ಟೇರಿಂಗ್ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. ಬಸ್ ಸ್ಟಾಪಿನ ಕಡೆ ನಡೆದುಹೋದ. ನಾನು ಕರೆಯಲಿಲ್ಲ.

ಗಾಡಿ ಇಪ್ಪತ್ತಾರು ದಿನ ನಿಂತಿತು. ಪಂಪು, ನಳಿಕೆ ನಮ್ಮದೇ ಖರ್ಚಿನಲ್ಲಿ ಹಾಕಿಸಿದೆ. ಮಿಲ್ಲಿನವರು ಪುಣ್ಯಕ್ಕೆ ಕಾದರು. "ಡ್ರೈವರ್ ತಪ್ಪು ಮಾಡ್ಯಾನ ಅಂದ್ರ ನೀವೇನು ಮಾಡ್ತೀರಿ ಪಾಪ, ಬ್ಯಾರೆ ಡ್ರೈವರ್ ಹಾಕ್ಕೋರಿ," ಎಂದರು. ಹಾಗೇ ಮಾಡಿದೆ. ವಾರಂಟಿ ಮುಗಿಯುವ ದಿನ ಬಂತು, ಹೋಯಿತು, ನನಗೆ ಗೊತ್ತೂ ಆಗಲಿಲ್ಲ. ಅಲ್ಲಿಂದೀಚೆಗೆ ಗಾಡಿಯಲ್ಲಿ ಒಂದು ಬಲ್ಬು ಸಹ ಕೆಟ್ಟಿಲ್ಲ. ಅಣ್ಣ ಕುಷ್ಟಗಿಗೆ ಹೋಗಿ ಗ್ರಾನೈಟ್ ಕಲ್ಲು ಸಾಗಿಸುವ ಒಬ್ಬರ ಹತ್ತಿರ ಸೇರಿಕೊಂಡ. ಅತ್ತಿಗೆ ಪಕ್ಕದ ಮನೆಯಲ್ಲೇ ಇದ್ದಾಳೆ. ಮೊದಲು ನಮ್ಮಲ್ಲಿ ಪಲ್ಯದ ಬಟ್ಟಲು ಅತ್ತಿತ್ತ ಹೋಗಿ ಬರುತ್ತಿತ್ತು. ಅದು ನಿಂತಿತು.

ಮುಂದಿನ ಬೆಳೆಯ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಹೆಂಡತಿ ಶೆಡ್ಡಿನಲ್ಲಿ ಏನೋ ಹುಡುಕುತ್ತಿದ್ದಳು. ನಮ್ಮ ಕಡೆ ಖಾಲಿ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ. ಎಣ್ಣೆ ಡಬ್ಬಿಯಲ್ಲಿ ಜೋಳ, ಪೇಂಟ್ ಡಬ್ಬಿಯಲ್ಲಿ ನೀರು, ಗೊಬ್ಬರದ ಚೀಲ ಹರಿದು ತಾಡಪತ್ರಿ. ಲಾರಿಯ ಬಿಳಿ ಡಬ್ಬಿಗಳನ್ನೂ ಅವಳು ತೊಳೆದು ಸಾಲಾಗಿ ಇಟ್ಟುಕೊಂಡಿದ್ದಳು.

"ಏನ್ ಹುಡುಕಾಕತ್ತಿ?" ಎಂದು ಕೇಳಿದೆ.

"ಛಲೋ ಮುಚ್ಚಳ ಇರೂ ಡಬ್ಬಿ ಬೇಕಿತ್ರಿ. ನೆಲ್ಲಿಗೆ ಹೊಡಿಯಾಕ ಯೂರಿಯಾ ಕರಗಿಸಿಡಬೇಕು. ಹೋದ ಸಲ ಮುಂಜಾನೆದ್ದು ಇಂಥಾದ್ರಾಗನ ಕರಗಿಸಿಟ್ಟಿದ್ದೆ, ಅಡಿಗಿ ಮುಗಿಸಿ ಬಂದು ನೋಡಿದ್ರ ಖಾಲಿ. ನೀವ ಹೊಲಕ್ಕ ಒಯ್ದು ಹೊಡದೀರಿ ಅಂತ ಸುಮ್ಮನಾದೆ."

ನಾನು ಹೊಲಕ್ಕೆ ಏನನ್ನೂ ಒಯ್ದಿರಲಿಲ್ಲ. ಅವಳು ಒಂದು ಡಬ್ಬಿಗೆ ನೀರು ಹಾಕಿ ಯೂರಿಯಾ ಸುರಿದು ಅಲುಗಾಡಿಸಿದಳು. ಕೈ ಚಾಚಿ ಮುಟ್ಟಿದೆ. ಬಿರುಬಿಸಿಲಿನ ಮಧ್ಯಾಹ್ನ ಆ ಡಬ್ಬಿ ಕೈಗೆ ತಣ್ಣಗೆ ಹತ್ತಿತು. ಯೂರಿಯಾ ಕರಗಿದರೆ ನೀರು ತಣ್ಣಗಾಗುತ್ತದೆ, ಭತ್ತದ ಊರಿನಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ಲಾರಿಯ ನೆನಪು ಬರಲೇ ಇಲ್ಲ. ಬರುವುದಾದರೂ ಹೇಗೆ? ಅಣ್ಣನೇ ಹಾಕಿದ ಎಂದು ಊರ ತುಂಬ ಸಾರಿದವನು ನಾನು. "ಯಾಕ್ರೀ, ಹಂಗ್ಯಾಕ ನಿಂತ್ರಿ?" ಎಂದಳು. ನಾನು ಕೈ ಒರೆಸಿಕೊಂಡು ಹೊರಗೆ ಬಂದೆ.

ಮರುದಿನ ತಾವರಗೇರಾ ಮೇಲೆ ಹೋಗುವ ಬಸ್ಸು ಹಿಡಿದು ಕುಷ್ಟಗಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಅಣ್ಣ ಕಲ್ಲಿನ ಯಾರ್ಡಿನಿಂದ ಹೊರಗೆ ಬಂದ. ಮೈಯೆಲ್ಲ ಕೆಂಪು ಧೂಳು, ಸೊರಗಿದ್ದ. ಎದುರಿನ ಚಹಾದಂಗಡಿಯಲ್ಲಿ ಕೂತೆವು.

"ಗಾಡಿ ಹೆಂಗೈತಿ?" ಎಂದು ಮೊದಲು ಕೇಳಿದವನು ಅವನೇ.

"ಆರಾಮ ಐತಿ," ಎಂದೆ. ಜೋಡಿಸಿಕೊಂಡು ಬಂದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಆಡಿದೆ. ಮಳೆಯ ಮಾತಾಡಿದೆವು, ಕಾಲುವೆಗೆ ನೀರು ಬಿಟ್ಟದ್ದರ ಮಾತಾಡಿದೆವು. ಚಹಾಕ್ಕೆ ಅವನೇ ದುಡ್ಡು ಕೊಟ್ಟ. ನನ್ನ ಬಸ್ಸು ಬರುವ ಹೊತ್ತಾಯಿತು, ಎದ್ದು ನಿಂತೆ.

ಆಗ ಅವನು ಬೇರೆ ಕಡೆ ನೋಡುತ್ತ ಅಂದ: "ತಮ್ಮಾ, ಆ ಬಿಳಿ ಡಬ್ಬಿ ಖಾಲಿ ಆದ ಮ್ಯಾಲೆ ಒಡದು ಒಗದುಬಿಡು. ಮನ್ಯಾಗ ಇಡಬ್ಯಾಡ. ಹೆಣ್ಮಕ್ಕಳು ಗೊಬ್ಬರ ಕರಗಸ್ತಾರ ಅದ್ರಾಗ."

ಹೊರಟವನು ತಿರುಗಿ ನಿಂತೆ. "ನಿನಗ ಗೊತ್ತಿತ್ತೇನು ಅಣ್ಣಾ?"

"ನೀ ಸುರಿಯೂದು ನೋಡಿದ್ನಲ್ಲ ಕನ್ನಡ್ಯಾಗ. ಅಲ್ಲಿ ಅವರು ಗೊಬ್ಬರ ಅಂದ ಕೂಡಲೆ ತಿಳೀತು."

"ಮತ್ತ ಹೇಳಲಿಲ್ಲ ಯಾಕ?"

"ಅಷ್ಟು ಮಂದಿ ನಿಂತಿದ್ರು. ಮಾಲಕನ ಕೈಲೆ ಹಿಂಗಾಗೇತಿ ಅಂದ್ರ ನಾಳೆ ಯಾರು ಲೋಡ್ ಕೊಡ್ತಾರ ನಿನಗ? ಮನಿಗೆ ಹೋದ ಮ್ಯಾಲೆ ಹೇಳೂಣು ಅಂತಿದ್ದೆ." ಬಸ್ಸು ಬರುವ ಕಡೆ ನೋಡಿದ. "ಅಷ್ಟರಾಗ ನೀ ಚಾವಿ ಇಡು ಅಂದಿ."

"ವಾಪಸ್ ಬಾ ಅಣ್ಣಾ. ತಪ್ಪಾತು. ಗಾಡಿ ನಿನ್ನದ."

"ಹಬ್ಬಕ್ಕ ಬರ್ತೀನಿ. ಗಾಡಿಗೆ ಮಾತ್ರ ಒಲ್ಲೆ," ಎಂದ. ಸಿಟ್ಟಿನಿಂದ ಅಂದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬಸ್ಸು ಬಂತು. ನನ್ನ ಚೀಲ ಎತ್ತಿ ಒಳಗೆ ಕೊಟ್ಟು, ಯಾರ್ಡಿನ ಕಡೆ ಹೋದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅತ್ತಿಗೆಗೆ ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಕಳೆದ ವಾರ ಕಾಟಾದ ಹತ್ತಿರ ನಾಲ್ಕು ಜನ ಲಾರಿಯವರು ಕೂತಿದ್ದರು. ಒಬ್ಬ ಕೇಳಿದ: "ನಿಮ್ಮಣ್ಣ ಅಲ್ಲೇನ್ರೀ, ಲಾರಿಗೆ ಗೊಬ್ಬರ ಹಾಕಿ ಪಂಪ್ ಕೆಡಿಸಿದಾವ?" ಎಲ್ಲರೂ ನಕ್ಕರು.

"ಅವ ಅಲ್ರಿ. ನಾನ ಹಾಕಿದ್ದು," ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ನಗು ನಿಂತಿತು. ಅವರಲ್ಲಿ ಹಿರಿಯನೊಬ್ಬ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಣ್ಣತಮ್ಮರು ಅಂದ್ರ ಹಿಂಗಿರಬೇಕು ನೋಡ್ರಿ. ಇಷ್ಟಾದ್ರೂ ಅಣ್ಣನ್ನ ಮಂದಿ ಮುಂದ ಬಿಟ್ಟುಕೊಡಲಿಲ್ಲ ಇಂವ," ಎಂದ. ಉಳಿದವರು ಹೌದೆಂದು ತಲೆಯಾಡಿಸಿದರು.