ಮಾಜಿದಾ ತುಂಬಿಸಿದ ಟಾಂಕಿ

ಸಂಜೆಯ ಮಗ್ರಿಬ್ ಬಾಂಗಿಗೆ ಕಾಲು ಗಂಟೆ ಇರುವಾಗ ಮಾಜಿದಾ ತಲೆಗೆ ವಸ್ತ್ರ ಹೊದ್ದು ಎದುರಿನ ದೊಡ್ಡ ಮನೆಯ ಬೀಗ ತೆಗೆಯುತ್ತಿದ್ದಳು. ಮಳೆ ಸುರಿಯಲಿ, ಮೈಗೆ ಹುಷಾರಿಲ್ಲದಿರಲಿ, ಒಂದು ದಿನವೂ ಇದು ತಪ್ಪಿದ್ದಿಲ್ಲ. ಒಳಗೆ ನರಪಿಳ್ಳೆ ಇಲ್ಲದಿದ್ದರೂ ಹೊಸ್ತಿಲಲ್ಲಿ ನಿಂತು ಸಲಾಂ ಹೇಳುವಳು. ಖಾಲಿ ಮನೆಗೂ ಸಲಾಂ ಹೇಳಿಯೇ ಕಾಲಿಡಬೇಕೆಂದು ಅವಳ ಉಮ್ಮ ಕಲಿಸಿದ್ದರು. ಆಮೇಲೆ ಒಂದೊಂದೇ ಕೋಣೆಗೆ ದೀಪ ಹಾಕಿ, ಬಾಂಗು ಮುಗಿಯುವವರೆಗೆ ಉರಿಯಲು ಬಿಟ್ಟು, ಆರಿಸಿ, ಬೀಗ ಹಾಕಿ ನಮಾಝಿಗೆ ಮನೆಗೆ ಬರುವಳು.

ಅದು ದುಬೈಯಲ್ಲಿದ್ದ ಇಮ್ತಿಯಾಝನ ಮನೆ. ಮಡಂತ್ಯಾರು ಪೇಟೆಯ ಹಿಂದಿನ ಓಣಿಯಲ್ಲಿ ಎರಡು ಮಾಳಿಗೆಯ ಮನೆ ಅದೊಂದೇ. ತೊಂಬತ್ತಾರರಲ್ಲಿ ಗೃಹಪ್ರವೇಶದ ಊಟ ಹಾಕಿಸಿ, ಇಪ್ಪತ್ತು ದಿನ ಇದ್ದು, ಹೆಂಡತಿಯನ್ನೂ ಕರೆದುಕೊಂಡು ಅವನು ಹೋಗಿದ್ದ.

"ಸಂಜೆ ದೀಪ ಹಾಕಿ ಮಾಮಿ," ಎಂದು ಹೋಗುವಾಗ ಹೇಳಿದ್ದ. "ತಾರಸಿಯ ಟಾಂಕಿ ಯಾವಾಗಲೂ ತುಂಬಿ ಇರಬೇಕು. ಒಣಗಿದರೆ ಸಿಮೆಂಟು ಬಿರಿಯುತ್ತದಂತೆ, ಮೇಸ್ತ್ರಿ ಹೇಳಿದ್ದಾನೆ."

ಮಾಜಿದಾಳಿಗೆ ಅದು ಅಮಾನತ್. ಒಬ್ಬರು ನಂಬಿ ಒಪ್ಪಿಸಿದ್ದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕು. ಪ್ರತಿ ಶುಕ್ರವಾರ ಪಂಪು ಹಾಕಿ, ಮೇಲಿನ ಪೈಪಿನಿಂದ ನೀರು ಹೊರಚೆಲ್ಲುವವರೆಗೆ ಅಂಗಳದಲ್ಲೇ ನಿಂತಿರುತ್ತಿದ್ದಳು. ಕಬ್ಬಿಣದ ಏಣಿ ಹತ್ತಿ ಟಾಂಕಿಯನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ಮಂಡಿ ನೋವು ಅದಕ್ಕೆ ಬಿಡುತ್ತಿರಲಿಲ್ಲ.

ಮರುವರ್ಷ ಮಳೆ ಕಡಿಮೆಯಾಗುತ್ತಿದ್ದ ಸಮಯ. ಒಂದು ಸಂಜೆ ಅವಳು ಸಲಾಂ ಹೇಳಿದಾಗ ಮನೆಯೊಳಗಿಂದ ಏನೋ ಮಾರ್ದನಿಸಿತು. ಮೆಟ್ಟಿಲಿನ ಮೇಲುಗಡೆ, ಕತ್ತಲಲ್ಲಿ, ಯಾರೋ ಬಾಯಿ ಮುಚ್ಚಿಕೊಂಡು ಒಂದೇ ಉಸಿರಿನಲ್ಲಿ ಓದುತ್ತಿರುವ ಹಾಗೆ ಸಣ್ಣ ಸ್ವರ. ಅವಳ ಕೈ ಸ್ವಿಚ್ಚಿನ ಮೇಲೇ ನಿಂತಿತು. ರಕ್ಷೆಗೆಂದು ಆಯತುಲ್ ಕುರ್ಸಿ ಓದಿ ಎದೆಗೆ ಊದಿಕೊಂಡಳು. ಸ್ವರ ನಿಲ್ಲಲಿಲ್ಲ. ಮರುದಿನವೂ ಇತ್ತು. ಮೂರನೆಯ ದಿನ ಇನ್ನಷ್ಟು ದಪ್ಪವಾಗಿತ್ತು.

ಅದೇ ವಾರ ಪಕ್ಕದ ಮನೆಯ ಪೂವಮ್ಮನಿಗೆ ಜ್ವರ ಬಂತು. ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ನಡುಕ ಹಿಡಿಯಿತು. ನಾಲ್ಕು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಮರುದಿನ ಏನೂ ಆಗದವಳಂತೆ ಎದ್ದು ಅಂಗಳ ಗುಡಿಸಿದಳು. ಅದರ ಮರುದಿನ, ಮೂರಕ್ಕೆ, ಮತ್ತೆ ನಡುಕ. ಆಮೇಲೆ ಬೀಡಿ ಕಟ್ಟುವ ಹನೀಫಾ ಮಲಗಿದಳು. ಹದಿನೈದು ದಿನದಲ್ಲಿ ಏಳು ಮನೆ. ಮೂರು ಹೊಡೆದರೆ ಓಣಿಯುದ್ದಕ್ಕೂ ಮಂಚಗಳು ಅದುರುವ ಸದ್ದು ಕೇಳುತ್ತಿತ್ತು. ರಸ್ತೆಯಾಚೆ ಒಬ್ಬರಿಗೂ ಇಲ್ಲ. ದೊಡ್ಡ ಮನೆಯ ಸುತ್ತ ಮಾತ್ರ.

"ಆ ಮನೆಯಲ್ಲಿ ಏನೋ ಉಂಟು ಮಾಜಿದಕ್ಕ," ಎಂದ ಪೂವಮ್ಮನ ಗಂಡ ರುಕ್ಮಯ್ಯ. "ನಮ್ಮನ್ನು ಒಬ್ಬೊಬ್ಬರಾಗಿ ಎಣಿಸ್ತಾ ಉಂಟು. ನೀವು ದಿನಾ ಹೋಗಿ ಬಾಗಿಲು ತೆಗೆದು ಕೊಡುವುದು ಬೇರೆ."

ಮಾಜಿದಾಳ ಎಣಿಕೆಯೂ ಅಲ್ಲಿಗೇ ಬಂದು ನಿಂತಿತ್ತು. ಎಂಟನೆಯ ಮನೆ ಅವಳದೇ ಆಯಿತು.

ಮಗಳು ಮುರ್ಶಿದಾ ಚೊಚ್ಚಲ ಬಸುರಿ, ಆರು ತಿಂಗಳು. ತವರಿಗೆ ಬಂದು ಹತ್ತು ದಿನ ಆಗಿತ್ತಷ್ಟೆ. ನಡುಗುವಾಗ ಎರಡೂ ಕೈಗಳಿಂದ ಹೊಟ್ಟೆಯನ್ನು ಅವಚಿ ಹಿಡಿಯುತ್ತಿದ್ದಳು. "ಮಲೇರಿಯಾ," ಎಂದರು ಬೆಳ್ತಂಗಡಿಯ ಡಾಕ್ಟರು. "ಹೀಗೆ ಮತ್ತೆ ಮತ್ತೆ ಬಂದರೆ ಮಗು ಉಳಿಯುವುದು ಕಷ್ಟ."

ರಕ್ತ ಪರೀಕ್ಷೆಗೆಂದು ಆರೋಗ್ಯ ಇಲಾಖೆಯ ಸರಸ ಓಣಿಗೆ ಬಂದಳು. ಮನೆಮನೆಗೆ ಹೋಗಿ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಹಚ್ಚಿಕೊಂಡಳು. ಹೊರಡುವಾಗ ದೊಡ್ಡ ಮನೆಯನ್ನು ತಲೆಯೆತ್ತಿ ನೋಡಿದಳು.

"ಅಲ್ಲಿ ಯಾರು ಇರುವುದು?"

"ಯಾರೂ ಇಲ್ಲ. ಸ್ವರ ಮಾತ್ರ ಉಂಟು," ಎಂದಳು ಮಾಜಿದಾ.

"ನಡೀರಿ, ಮಾತಾಡಿಸಿ ಬರುವ," ಎಂದು ಸರಸ ನಕ್ಕಳು.

ಆ ದಿನ ಮಾಜಿದಾ ಮಂಡಿ ಹಿಡಿದುಕೊಂಡು ಏಣಿ ಹತ್ತಿದಳು. ಟಾಂಕಿಗೆ ಮುಚ್ಚಳ ಇರಲಿಲ್ಲ. ಮೇಸ್ತ್ರಿ ಅದರ ಬಾಯಿ ತೆರೆದೇ ಬಿಟ್ಟು ಹೋಗಿದ್ದ. ನೀರು ತಿಳಿಯಾಗಿತ್ತು. ಬಗ್ಗಿದಾಗ ಅದರಲ್ಲಿ ಅವಳದೇ ಮುಖ ಕಂಡಿತು. ನೋಡುತ್ತಿದ್ದಂತೆ ಆ ಮುಖ ಮಿಡುಕತೊಡಗಿತು. ಹಣೆ, ಕಣ್ಣು, ತುಟಿ, ಎಲ್ಲ ಕಡೆ ನೂಲಿನೆಳೆಯಂಥ ಹುಳಗಳು. ಸಾವಿರವೋ ಹತ್ತು ಸಾವಿರವೋ. ಸರಸ ಗೋಡೆ ತಟ್ಟಿದಳು. ಟಾಂಕಿಯೊಳಗಿನ ನೆರಳಿನಿಂದ ಕಪ್ಪು ಹೊಗೆಯ ಹಾಗೆ ಎದ್ದು ಬಂತು, ಅದೇ ಸ್ವರ.

"ನುಸಿ, ಮಲೇರಿಯಾದ ಸೊಳ್ಳೆ," ಎಂದಳು ಸರಸ. ಈ ಸಲ ನಗಲಿಲ್ಲ. "ಇದಕ್ಕೆ ನೀರು ತುಂಬಿಸುವುದು ಯಾರು ಮಾಜಿದಕ್ಕ?"

"ನಾನು."

ಸಂಜೆ ಪೇಟೆಯ ಎಸ್‌ಟಿಡಿ ಬೂತಿಗೆ ಹೋಗಿ ದುಬೈಗೆ ಫೋನ್ ಹಚ್ಚಿಸಿದಳು. ಇಮ್ತಿಯಾಝ್ ಅತ್ತಲಿಂದ ನಕ್ಕ. "ನುಸಿಗೆ ಹೆದರಿ ಟಾಂಕಿ ಖಾಲಿ ಮಾಡುವುದಾ ಮಾಮಿ? ಬಿರಿದರೆ ಇಡೀ ತಾರಸಿ ಸೋರ್ತದೆ. ಮುಟ್ಟಬೇಡಿ. ಎರಡು ತಿಂಗಳಲ್ಲಿ ನಾನೇ ಬರ್ತೇನೆ."

ಆ ಇರುಳು ನಮಾಝಿನ ಮುಸಲ್ಲಾ ಹಾಸಿನ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಒಪ್ಪಿಸಿದವನ ಮಾತು ಮೀರಿದರೆ ಅಮಾನತ್ ಮುರಿದ ಹಾಗೆ. ಮೀರದಿದ್ದರೆ ಒಳಕೋಣೆಯಲ್ಲಿ ಹೊಟ್ಟೆ ಅವಚಿ ಮಲಗಿರುವ ಮಗಳು. ಬೆಳಗಾಗುತ್ತಲೇ ಹೋಗಿ ಟಾಂಕಿಯ ಅಡಿಯ ವಾಲ್ವ್ ತಿರುಗಿಸಿದಳು. ನೀರು ಅಂಗಳದ ಬಿಸಿಲಿಗೆ ಹರಿದು, ಇಂಗಿತು. ಮಣ್ಣಿನ ಮೇಲೆ ಉಳಿದ ಹುಳಗಳು ಬಹಳ ಹೊತ್ತು ಮಿಡುಕಿದವು. ಅವು ನಿಲ್ಲುವವರೆಗೆ ಅವಳು ಕದಲಲಿಲ್ಲ.

ಜ್ವರ ಒಮ್ಮೆಗೇ ಬಿಡಲಿಲ್ಲ. ಮುರ್ಶಿದಾ ಇನ್ನೂ ಎರಡು ಸಲ ನಡುಗಿದಳು. ಮಾತ್ರೆ ಹಿಡಿಯಿತು, ಓಣಿಯಲ್ಲಿ ಹೊಸಬರು ಮಲಗಲಿಲ್ಲ.

ಇಮ್ತಿಯಾಝ್ ಬಂದಾಗ ಟಾಂಕಿ ನಿಜಕ್ಕೂ ಬಿರಿದಿತ್ತು. ಅವನು ಸಿಟ್ಟಾಗಲಿಲ್ಲ. ಬಿರುಕಿಗೆ ಸಿಮೆಂಟು ಮೆತ್ತಿಸಿ, ಮತ್ತೆ ನೀರು ತುಂಬಿಸಿ, ಒಂದು ಬೆಳಿಗ್ಗೆ ಮಾಜಿದಾಳ ಜಗಲಿಗೆ ಬಂದು ಕೂತ.

"ನನ್ನಿಂದ ನಿಮಗೆಲ್ಲ ತೊಂದರೆ ಆಯಿತು. ಮುರ್ಶಿದಾಳ ಬಾಣಂತನ ನಮ್ಮಲ್ಲೇ ಆಗಲಿ ಮಾಮಿ. ಕೆಳಗಿನ ದೊಡ್ಡ ಕೋಣೆ, ಫ್ಯಾನು, ಬಿಸಿನೀರು, ಎಲ್ಲ ಉಂಟು. ನಾಳೆಯೇ ಬನ್ನಿ."

"ಟಾಂಕಿಗೆ ಮುಚ್ಚಳ ಹಾಕಿಸಿದೆಯಾ?"

"ಮಂಗಳೂರಿಗೆ ಹೇಳಿದ್ದೇನೆ. ಬರ್ತದೆ."

ಒಳಗೆ ಮುರ್ಶಿದಾ ಮಗ್ಗುಲು ಬದಲಿಸಿದ ಸದ್ದಾಯಿತು. ಮಾಜಿದಾ ಅವನ ಮುಂದೆ ಚಾ ಇಟ್ಟಳು.

"ನಿನ್ನ ಕೋಣೆ ಬೇಡ ಮೋನೇ," ಎಂದಳು. "ಅವಳು ಇಲ್ಲೇ ಹೆರಲಿ."