ನೋವು ಕೇಳಿದರೆ ‘ಎರಡು’ ಎನ್ನುವ ಬೆಳ್ಳಿಯಮ್ಮ

ತಮಿಳುನಾಡಿನ ನೇಕಾರರ ಊರು ಸಿರುಮುಗೈಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಭವಾನಿ ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿದೆ. ಐವತ್ತೆಂಟರ ಬೆಳ್ಳಿಯಮ್ಮ ಮಗ್ಗದ ಗುಂಡಿಗೆ ಕಾಲಿಳಿಸಿ ಕೂರುತ್ತಾರೆ. ಬಲಗೈ ಹಗ್ಗ ಜಗ್ಗಿದರೆ ಲಾಳಿ ಓಡುತ್ತದೆ. ಎಡಗೈ ಹಲಗೆಯನ್ನು ಎದೆಯತ್ತ ಎಳೆದು ಎಳೆ ಕೂರಿಸಬೇಕು. ಆ ಎಡಗೈಯನ್ನು ಹಳೇ ಸೀರೆಯ ಚೂರಿನಿಂದ ಹಲಗೆಗೇ ಕಟ್ಟಿಕೊಂಡಿದ್ದಾರೆ. ಬೆರಳಲ್ಲಿ ಹಿಡಿತವಿಲ್ಲ, ಅದಕ್ಕೆ.

ನಾಲ್ಕು ವರ್ಷದ ಹಿಂದೆ ಎಡ ಎದೆಗೆ ಕ್ಯಾನ್ಸರ್ ಬಂದು ಆಪರೇಷನ್ ಆಯಿತು. ಗಡ್ಡೆ ಹೋಯಿತು, ಎಡಗೈಗೂ ಇಳಿದ ನೋವು ಹೋಗಲಿಲ್ಲ. ಮೊದಲು ದಿನಕ್ಕೆ ಎರಡು ಮೊಳ ನೇಯುತ್ತಿದ್ದರು, ಆರು ದಿನಕ್ಕೊಂದು ರೇಷ್ಮೆ ಸೀರೆ. ಈಗ ದಿನಕ್ಕೆ ಒಂದು ಮೊಳವಾದರೆ ಹೆಚ್ಚು. ಆದರೂ ಆಸ್ಪತ್ರೆಯಲ್ಲಿ ‘ನೋವು ಹತ್ತಕ್ಕೆ ಎಷ್ಟಮ್ಮ?’ ಎಂದು ಕೇಳಿದಾಗಲೆಲ್ಲ ಇವರದು ಒಂದೇ ಉತ್ತರ: “ಎರಡು. ಪರವಾಯಿಲ್ಲ.” ಎರಡಕ್ಕೆ ಯಾರು ಔಷಧಿ ಬದಲಿಸುತ್ತಾರೆ ಹೇಳಿ? ಕೇಳಿ ನನಗಂತೂ ಸಿಟ್ಟೇ ಬಂತು.

ಸಿಟ್ಟು ಇಳಿದದ್ದು ಅವರ ಬಾಲ್ಯದ ಕಥೆ ಕೇಳಿದ ಮೇಲೆ. ತಾಯಿ ತೀರಿಕೊಂಡಾಗ ಬೆಳ್ಳಿಯಮ್ಮನಿಗೆ ಏಳು ವರ್ಷ. ಸೋದರತ್ತೆ ರಾಮಾಯಿ ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸಿದರು. ಮದುವೆ ಸೀರೆ ನೇಯುವಾಗ ಅಳಬಾರದು ಎಂಬುದು ಆ ಮನೆಯ ಕಟ್ಟಳೆ. ಕಣ್ಣೀರು ಬಿದ್ದರೆ ರೇಷ್ಮೆಗೆ ಕಲೆ, ಅಪಶಕುನ ಬೇರೆ.

“ಒಂದ್ಸಲ ಅಮ್ಮನ್ನ ನೆನಸ್ಕೊಂಡು ಅತ್ತುಬಿಟ್ಟೆ ಸಾಮಿ. ಮೂರು ಹನಿ, ಸೀರೆ ಕಲೆ ಆಯ್ತು. ಬೆನ್ನು ಊದೋ ಹಂಗೆ ಹೊಡೆದ್ರು, ಎರಡು ದಿನ ಅನ್ನ ಇಲ್ಲ. ಆವತ್ತಿಂದ ನೋವು ಬಂದ್ರೆ ಬಾಯಿ ಮುಚ್ಕೊಳ್ಳೋದೇ ಅಭ್ಯಾಸ ಆಗೋಯ್ತು.”

ಹೋದ ತಿಂಗಳು ಆಸ್ಪತ್ರೆಯಿಂದ ಮನೆಗೆ ಬಂದ ನರ್ಸ್ ತೆನ್ಮೊಳಿ ಕಟ್ಟಿದ ಕೈ ಕಂಡು ಬೆಚ್ಚಿದರು. ತಾವೇ ಗಂಟು ಬಿಚ್ಚಿ, ಪಕ್ಕದಲ್ಲಿ ಕೂತು, ಈ ಕಥೆಯನ್ನೆಲ್ಲ ಹೊರಗೆಳೆದರು. “ಚಿಕ್ಕಂದಿನಲ್ಲಿ ತುಂಬ ಪಾಡು ಪಟ್ಟವರಲ್ಲಿ ಕೆಲವರಿಗೆ ಕ್ಯಾನ್ಸರ್ ವಾಸಿಯಾದರೂ ನೋವು ಹಟ ಹಿಡಿದು ನಿಲ್ಲುತ್ತೆ. ಈ ಅಕ್ಕ ಸಾಲದ್ದಕ್ಕೆ ಅದನ್ನ ಬಚ್ಚಿಟ್ಟುಕೊಂಡು ಕೂತರು,” ಎನ್ನುತ್ತಾರೆ ಅವರು ತಮಿಳಿನಲ್ಲಿ. ಇಂದು ಹತ್ತು ಗಂಟೆಗೆ ಡಾಕ್ಟರನ್ನು ಕಾಣಬೇಕು. ಇಂದೂ ನಿಜ ಹೇಳದಿದ್ದರೆ ಚಿಕಿತ್ಸೆ ಬದಲಾಗದು, ಕೈ ಪೂರ್ತಿ ಸೋತರೆ ಮಗ್ಗ ನಿಲ್ಲುತ್ತದೆ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಏನಾಸೆ ಎಂದು ಕೇಳುತ್ತೇನೆ. “ದೊಡ್ಡ ಆಸೆ ಏನಿಲ್ಲ. ಕೈ ಕಟ್ಕೊಳ್ಳದೆ ಇನ್ನೊಂದು ಸೀರೆ ನೇಯ್ಬೇಕು.”

ಡಾಕ್ಟರು ಎಂದಿನ ಪ್ರಶ್ನೆ ಕೇಳುತ್ತಾರೆ. ಬೆಳ್ಳಿಯಮ್ಮ “ಎರಡು” ಎನ್ನಲು ಬಾಯಿ ತೆರೆಯುತ್ತಾರೆ. ತೆನ್ಮೊಳಿ ಅವರ ಹೆಗಲ ಮೇಲೆ ಕೈಯಿಡುತ್ತಾರೆ: “ಅಕ್ಕಾ, ಇಲ್ಲಿ ಮಗ್ಗ ಇಲ್ಲ.”

“ಒಂಬತ್ತು.”

ಐವತ್ತೊಂದು ವರ್ಷ ತಡೆದ ಕಣ್ಣೀರು ಒಮ್ಮೆಗೇ ಬರುತ್ತದೆ. ಬೆಳ್ಳಿಯಮ್ಮ ಅಳುತ್ತಲೇ ಮುಖ ಪಕ್ಕಕ್ಕೆ ತಿರುಗಿಸಿ, ಬಲಗೈಯಿಂದ ಮೇಜಿನ ಮೇಲಿನ ಔಷಧಿ ಚೀಟಿಯನ್ನು ಡಾಕ್ಟರತ್ತ ಸರಿಸುತ್ತಾರೆ.

“ತಕ್ಕೊಳ್ಳಿ ಸಾರ್, ಕಲೆ ಆಗುತ್ತೆ.”